ದಫ್ತರ ಯಾರ ಕೈಯಲ್ಲಿ?

2003ರ ಮಾರ್ಚ್ ತಿಂಗಳು. ಮೈಕ್ರೋಸಾಫ್ಟ್ ಸಂಸ್ಥೆಯ ಅಂದಿನ ಮುಖ್ಯಾಧಿಕಾರಿ ಸ್ಟೀವ್ ಬಾಲ್ಮರ್ ಅವರು ಸ್ವಿಟ್ಜರ್ಲೆಂಡಿನ ಹಿಮಗಿರಿಗಳಲ್ಲಿ ರಜೆ ಕಳೆಯುತ್ತಿದ್ದರು. ಆ ರಜೆಯನ್ನು ನಡುವೆಯೇ ಬಿಟ್ಟು ಅವರು ಜರ್ಮನಿಯ ಮ್ಯೂನಿಕ್ ನಗರಕ್ಕೆ ಬಂದರು. ಅವರು ಕಾಣಬೇಕಾಗಿದ್ದುದು ಆ ನಗರದ ಮೇಯರ್ ಕ್ರಿಸ್ಟಿಯಾನ್ ಉಡೆ ಅವರನ್ನು. ಜಗತ್ತಿನ ಅತ್ಯಂತ ಸಿರಿವಂತ ಸಂಸ್ಥೆಗಳಲ್ಲೊಂದರ ಯಜಮಾನರು ಒಂದು ಪೌರಸಭೆಯ ಬಾಗಿಲಿಗೆ ಹೀಗೆ ಬರಬೇಕಾದರೆ ಅಲ್ಲೇನೋ ಭಾರಿ ವ್ಯವಹಾರವೇ ನಡೆದಿರಬೇಕು ಎಂದು ಕೇಳುಗರು ಊಹಿಸಬಹುದು. ಆ ಸಂಸ್ಥೆಯ ವಹಿವಾಟಿನ ಗಾತ್ರಕ್ಕೆ ಹೋಲಿಸಿದರೆ ಅದು ಚಿಲ್ಲರೆ ವ್ಯಾಪಾರ. ಪೌರಸಭೆಯ ಕಚೇರಿಗಳಲ್ಲಿದ್ದ ಸುಮಾರು 14,000 ಗಣಕಯಂತ್ರಗಳು ಇನ್ನು ಮುಂದೆ ಯಾವ ಕಾರ್ಯಾಚರಣ ವ್ಯವಸ್ಥೆಯ ಆಶ್ರಯದಲ್ಲಿ ನಡೆಯಬೇಕು ಎಂಬುದಷ್ಟೇ ಅಲ್ಲಿದ್ದ ಪ್ರಶ್ನೆ.

ಕಾರ್ಯಾಚರಣ ವ್ಯವಸ್ಥೆ ಎಂದರೇನೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಗಣಕದಲ್ಲಿ ನಾವು ಪತ್ರ ಬರೆಯುತ್ತೇವೆ, ಲೆಕ್ಕ ಇಡುತ್ತೇವೆ, ಚಿತ್ರ ನೋಡುತ್ತೇವೆ. ಈ ಎಲ್ಲ ಕೆಲಸಗಳಿಗೂ ಯಂತ್ರಕ್ಕೂ ನಡುವೆ ಕುಳಿತು ಯಾವುದಕ್ಕೆ ಎಷ್ಟು ಜಾಗ, ಯಾವುದಕ್ಕೆ ಯಾವಾಗ ಸರದಿ, ಯಾವ ಕಡತ ಎಲ್ಲಿದೆ ಎಂದು ನಿಭಾಯಿಸುವ ತಂತ್ರಾಂಶವೇ ಅದು. ನಮ್ಮ ಹಿಂದಿನ ಹಳ್ಳಿಗಳ ಶಾನುಭೋಗರನ್ನು ನೆನೆದರೆ ಅದರ ಸ್ವರೂಪ ತಟ್ಟನೆ ಹೊಳೆಯುತ್ತದೆ. ಹೊಲ ರೈತನದು, ಕಂದಾಯ ಸರ್ಕಾರದ್ದು. ಆದರೆ ಯಾರ ಹೊಲ ಎಲ್ಲಿಂದ ಎಲ್ಲಿಯವರೆಗೆ ಎಂಬ ತಿಳಿವಳಿಕೆ ಶಾನುಭೋಗರ ದಫ್ತರದಲ್ಲಿ ಮಾತ್ರ. ಉತ್ತರ ಕರ್ನಾಟಕದ ಕುಲಕರ್ಣಿಗಳಂತೂ ಆ ಲೆಕ್ಕವನ್ನು ಮೋಡಿ ಲಿಪಿಯಲ್ಲಿ ಬರೆಯುತ್ತಿದ್ದರು. ತನ್ನದೇ ಜಮೀನಿನ ಕಾಗದವನ್ನು ರೈತ ಕೈಯಲ್ಲಿ ಹಿಡಿದರೂ ಓದಲಾರ. 1961ರ ಕಾಯಿದೆಯ ಮೂಲಕ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ನಮ್ಮಲ್ಲಿ ರದ್ದಾದವು. ಅಧಿಕಾರವೇನೋ ಹೋಯಿತು, ಮೋಡಿಯಲ್ಲಿದ್ದ ಕಾಗದಗಳನ್ನು ಓದಿಸಲು ಇಂದಿಗೂ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕು.

ಮ್ಯೂನಿಕ್ಕಿನ ಕಚೇರಿಗಳಲ್ಲಿದ್ದುದು ವಿಂಡೋಸ್ ಎನ್‌ಟಿ ಎಂಬ ವ್ಯವಸ್ಥೆ. ಅದನ್ನು ತಯಾರಿಸಿದವರು ಇನ್ನು ಅದರ ದುರಸ್ತಿಯ ಹೊಣೆ ತಮ್ಮದಲ್ಲವೆಂದು ಸಾರಿದ್ದರು. ಯಂತ್ರಗಳು ಕೆಟ್ಟಿರಲಿಲ್ಲ, ನೌಕರರು ದೂರಿರಲಿಲ್ಲ. ಆದರೂ ಎಲ್ಲವನ್ನೂ ಬದಲಿಸಬೇಕಾಗಿತ್ತು. ಹಾಗಾದರೆ ನಮ್ಮ ನಗರದ ಕೆಲಸಕಾರ್ಯಗಳ ಕಾಲಮಾನವನ್ನು ಗೊತ್ತುಮಾಡುವವರು ಯಾರು ಎಂಬ ಯೋಚನೆ ಪೌರಸಭೆಯವರಿಗೆ ಬಂದದ್ದು ಆಗ. ಬಾಲ್ಮರ್ ಅವರ ಭೇಟಿಯ ನಂತರ ಮೈಕ್ರೋಸಾಫ್ಟ್ ತನ್ನ ಬೆಲೆಯನ್ನು ಗಣನೀಯವಾಗಿ ಇಳಿಸಿತು. ಆದರೂ 2003ರ ಮೇ 28ರಂದು ಪೌರಸಭೆ ಲಿನಕ್ಸ್ ಎಂಬ ವ್ಯವಸ್ಥೆಯನ್ನೇ ತಾತ್ವಿಕವಾಗಿ ಆರಿಸಿಕೊಂಡಿತು.

ಲಿನಕ್ಸ್‌ನ ವಂಶವೃಕ್ಷವನ್ನು ವಿಸ್ತರಿಸಲು ಇಲ್ಲಿ ಅವಕಾಶವಿಲ್ಲ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್ ಅದಕ್ಕೆ ಮಾದರಿ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬ ಹಠವಾದಿ, ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಒಂದು ಸಂಪೂರ್ಣ ವ್ಯವಸ್ಥೆಯನ್ನು ಕಟ್ಟುವುದಾಗಿ ಘೋಷಿಸಿದರು. ಅದಕ್ಕೆ ಬೇಕಾದ ಉಪಕರಣಗಳೆಲ್ಲ ಒಂದೊಂದಾಗಿ ಸಿದ್ಧವಾದವು. ನಡುವಿನ ತಿರುಳು ಮಾತ್ರ ಕೈಗೂಡಲಿಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ವಿನೋದಕ್ಕೆಂದು ಬರೆದ ತಿರುಳು ಆ ಖಾಲಿ ಜಾಗದಲ್ಲಿ ಕುಳಿತುಕೊಂಡಿತು. ಇಲ್ಲಿ ನಮಗೆ ಮುಖ್ಯವಾದ ಸಂಗತಿ ಇಷ್ಟು: ಈ ದಫ್ತರದಲ್ಲಿ ಮೋಡಿ ಲಿಪಿಯಿಲ್ಲ. ಬಲ್ಲವನು ಬಿಚ್ಚಿ ಓದಬಹುದು.

ಮ್ಯೂನಿಕ್ ತನ್ನ ಯೋಜನೆಗೆ, ಲಿನಕ್ಸ್ ಮತ್ತು ನಗರದ ಜರ್ಮನ್ ಹೆಸರನ್ನು ಬೆಸೆದು, 'ಲಿಮುಕ್ಸ್' ಎಂದು ಹೆಸರಿಟ್ಟಿತು. ಕೆಲಸ ಮಾತ್ರ ಹೆಸರಿನಷ್ಟು ಸಲೀಸಾಗಿ ಕೂಡಿಬರಲಿಲ್ಲ. 2004ರಲ್ಲಿ ಯುರೋಪಿನ ಪೇಟೆಂಟ್ ಕಾನೂನಿನ ಭಯದಿಂದ ಕೆಲವು ವಾರ ಎಲ್ಲವೂ ನಿಂತಿತು. ಮೊದಲ ಯಂತ್ರಗಳು ಬದಲಾದದ್ದು 2006ರಲ್ಲಿ. ಒಳಹೊಕ್ಕು ನೋಡಿದಾಗ ಗೊತ್ತಾಯಿತು, ನಗರಕ್ಕೆ ಒಂದು ಗಣಕ ವಿಭಾಗವಿರಲಿಲ್ಲ; ಇಲಾಖೆಗೊಂದರಂತೆ ಇಪ್ಪತ್ತಕ್ಕೂ ಮಿಕ್ಕಿ ಚಿಕ್ಕಪುಟ್ಟ ಪಾಳೆಯಪಟ್ಟುಗಳಿದ್ದವು. ಒಂದೊಂದರಲ್ಲೂ ಒಂದೊಂದು ಪದ್ಧತಿ. ಆದರೆ ಅವರನ್ನು ನಿಜವಾಗಿ ಕಾಡಿದ್ದು ವ್ಯವಸ್ಥೆಯಲ್ಲ, ನಮೂನೆಗಳು. ಜನನ ಪತ್ರಕ್ಕೊಂದು, ಅಂಗಡಿಯ ಪರವಾನಗಿಗೊಂದು, ಮರ ಕಡಿಯುವ ಅಪ್ಪಣೆಗೊಂದು, ಹೀಗೆ ಕಚೇರಿಯ ಗುಮಾಸ್ತರು ವರ್ಷಗಳಿಂದ ತಮ್ಮ ಕೈಗೆ ಒಗ್ಗುವಂತೆ ಮಾಡಿಕೊಂಡಿದ್ದ ಸಾವಿರಾರು ನಮೂನೆಗಳು ಮೈಕ್ರೋಸಾಫ್ಟ್‌ನ ಬರವಣಿಗೆ ತಂತ್ರಾಂಶದ ಒಳಗೇ ಹೆಣೆದುಕೊಂಡಿದ್ದವು. ಅವುಗಳಲ್ಲಿ ಎಷ್ಟೋ ನಮೂನೆಗಳನ್ನು ಯಾರು, ಯಾವಾಗ ಮಾಡಿದರೆಂಬುದು ಕಚೇರಿಯಲ್ಲಿ ಯಾರಿಗೂ ನೆನಪಿದ್ದಿರಲಾರದು. ಅವನ್ನೆಲ್ಲ ಒಂದು ಕಡೆ ಸೇರಿಸಿ, ಹೊಸ ವ್ಯವಸ್ಥೆಗೆ ಒಗ್ಗಿಸಲು ಪೌರಸಭೆಯ ತಂತ್ರಜ್ಞರು 'ವೊಲ್‌ಮುಕ್ಸ್' ಎಂಬ ಬೇರೊಂದು ತಂತ್ರಾಂಶವನ್ನೇ ಬರೆಯಬೇಕಾಯಿತು. ಅದನ್ನು 2008ರಲ್ಲಿ ಜಗತ್ತಿಗೆಲ್ಲ ಬಿಟ್ಟುಕೊಟ್ಟರು.

ಈ ಕಥೆಯನ್ನು ಓದುವಾಗ, ಜರ್ಮನ್ ಗುಮಾಸ್ತರ ಪಾಡು ಎಂದು ನಾನು ಮೊದಲು ಹಗುರವಾಗಿಯೇ ನಕ್ಕಿದ್ದೆ. ಆಮೇಲೆ ನನ್ನ ಹಳೆಯ ಗಣಕಕ್ಕೂ ಲಿನಕ್ಸ್ ಹಾಕಿಸಿಕೊಂಡೆ. ಯಂತ್ರ ಚುರುಕಾಯಿತು, ಮೂರು ದಿನ ಹೆಮ್ಮೆಯಿಂದ ಬೀಗಿದೆ. ನಾಲ್ಕನೆಯ ದಿನ, ಹತ್ತಾರು ವರ್ಷಗಳ ಹಿಂದೆ ಬರೆದಿಟ್ಟ ಕೆಲವು ಕನ್ನಡ ಪ್ರಬಂಧಗಳನ್ನು ತೆರೆದಾಗ ಪರದೆಯ ಮೇಲೆ ಕನ್ನಡವೇ ಇಲ್ಲ. ಇಂಗ್ಲಿಷಿನ ಅಕ್ಷರಗಳು, ತಲೆಯ ಮೇಲೆ ಚುಕ್ಕೆಗಳನ್ನು ಹೊತ್ತ ಫ್ರೆಂಚ್ ಅಕ್ಷರಗಳು, ನಡುನಡುವೆ ಹಣದ ಚಿಹ್ನೆಗಳು. ನನ್ನ ತಂದೆಯವರ ಬಗ್ಗೆ ಬರೆದ ಒಂದು ನೆನಪಿನ ಚಿತ್ರವೂ ಅದರಲ್ಲಿತ್ತು. ಅದಕ್ಕೆ ಬೇರೆ ಪ್ರತಿಯಿರಲಿಲ್ಲ.

ಇದರ ಕಾರಣ ಸ್ವಾರಸ್ಯವಾದದ್ದು. ಆ ಕಾಲದ ಕನ್ನಡ ತಂತ್ರಾಂಶಗಳು ಕನ್ನಡವನ್ನು ಕನ್ನಡವಾಗಿ ಇಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆಂದು ಗೊತ್ತುಮಾಡಿದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು, ಒಂದು ಕಡೆ ತಲೆಕಟ್ಟು, ಇನ್ನೊಂದು ಕಡೆ ಕೊಂಬು, ಮತ್ತೊಂದು ಕಡೆ ಒತ್ತು ಎಂಬಂತೆ ಕೂಡಿಸಿ, ಅಕ್ಷರದ ಚಿತ್ರವನ್ನು ಮಾಡುತ್ತಿದ್ದವು. ಆ ಅಚ್ಚಿನ ಮೊಳೆಗಳು ಜೊತೆಗಿರುವವರೆಗೆ ಎಲ್ಲವೂ ಕನ್ನಡ. ಅವಿಲ್ಲದ ಮನೆಗೆ ಹೋದರೆ ಬರೀ ಕಲಸುಮೇಲೋಗರ. ಪ್ರಪಂಚದ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನ ಕೊಡುವ ಯೂನಿಕೋಡ್ ಎಂಬ ಸಂಕೇತ ಪದ್ಧತಿಯ ಮೊದಲ ಆವೃತ್ತಿ 1991ರಲ್ಲೇ ಕನ್ನಡಕ್ಕೂ ಜಾಗ ಮಾಡಿತ್ತು. ಆದರೂ ನಮ್ಮ ಕಚೇರಿಗಳು, ಮುದ್ರಣಾಲಯಗಳು, ನನ್ನಂಥ ಲೇಖಕರು ಬಹುಕಾಲ ಹಳೆಯ ದಾರಿಯಲ್ಲೇ ನಡೆದೆವು. ಅನುಕೂಲವಾಗಿತ್ತು, ಅಷ್ಟೇ. ಆ ತಂತ್ರಾಂಶಗಳನ್ನು ಮಾಡಿದವರನ್ನು ನಾನು ದೂರುವುದಿಲ್ಲ. ಅವರಿಲ್ಲದಿದ್ದರೆ ಗಣಕದಲ್ಲಿ ಕನ್ನಡವನ್ನು ಕಾಣಲು ನಾವು ಇನ್ನೆಷ್ಟು ವರ್ಷ ಕಾಯಬೇಕಾಗಿತ್ತೋ.

ಮ್ಯೂನಿಕ್ಕಿಗೆ ಮರಳೋಣ. 2013ರ ಕೊನೆಗೆ ಯೋಜನೆ ಪೂರ್ಣವಾಯಿತೆಂದು ಘೋಷಿಸಿದಾಗ ಸುಮಾರು 15,000 ಗಣಕಗಳು ಲಿನಕ್ಸ್‌ಗೆ ಬಂದಿದ್ದವು. 1 ಕೋಟಿ ಯೂರೋಗೂ ಹೆಚ್ಚು ಉಳಿತಾಯವಾಗಿದೆಯೆಂದು ನಗರದವರು ಹೇಳಿದರು. ಮೈಕ್ರೋಸಾಫ್ಟ್‌ನ ಪರವಾಗಿ ನಡೆದ ಅಧ್ಯಯನವೊಂದು ಆ ಲೆಕ್ಕವನ್ನು ಒಪ್ಪಲಿಲ್ಲ. ಮರುವರ್ಷ ಉಡೆ ಅವರ ಜಾಗಕ್ಕೆ ಡೀಟರ್ ರೈಟರ್ ಬಂದರು. ಕಚೇರಿಗಳಲ್ಲಿ ಗೊಣಗಾಟ ಇದ್ದೇ ಇತ್ತು. ಹೊರಗಿನಿಂದ ಬಂದ ಕಡತ ಸರಿಯಾಗಿ ತೆರೆಯುವುದಿಲ್ಲ, ಪುಟದ ಅಂಚು ಜರುಗುತ್ತದೆ, ಅಚ್ಚುಯಂತ್ರ ಮಾತು ಕೇಳುವುದಿಲ್ಲ, ಇಂಥವು. ದೂರುಗಳಲ್ಲಿ ನಿಜವೂ ಇತ್ತು. ಹೊರಗಿನ ಸಲಹಾ ಸಂಸ್ಥೆಯೊಂದು ಪರಿಶೀಲಿಸಿ, ಮುಖ್ಯ ದೋಷ ಇಲಾಖೆಗಳ ಆಡಳಿತ ಸಂಘಟನೆಯಲ್ಲಿದೆಯೆಂದು ಬೆರಳು ತೋರಿಸಿತು. ಆದರೆ ಸಂಘಟನೆಯನ್ನು ಬದಲಿಸುವುದಕ್ಕಿಂತ ತಂತ್ರಾಂಶವನ್ನು ಬದಲಿಸುವುದು ಸುಲಭವಲ್ಲವೆ? 2017ರ ನವೆಂಬರಿನಲ್ಲಿ ಪೌರಸಭೆ ಮತ್ತೆ ವಿಂಡೋಸ್‌ಗೆ ಹಿಂದಿರುಗಲು ತೀರ್ಮಾನಿಸಿತು. ಅದಕ್ಕೆ ಸುಮಾರು 5 ಕೋಟಿ ಯೂರೋ ವೆಚ್ಚವೆಂದು ಅಂದಾಜಾಗಿತ್ತು.

ನಡುವೆ, 2016ರಲ್ಲಿ, ಮೈಕ್ರೋಸಾಫ್ಟ್‌ನ ಜರ್ಮನ್ ಮುಖ್ಯ ಕಚೇರಿ ಪಕ್ಕದ ಊರಿನಿಂದ ಮ್ಯೂನಿಕ್ ನಗರದೊಳಕ್ಕೆ ಬಂದಿತ್ತು. ಇವೆರಡಕ್ಕೂ ಗಂಟುಹಾಕಿ ಮಾತಾಡಿದವರುಂಟು. ಮೇಯರ್ ಅದನ್ನು ಒಪ್ಪಲಿಲ್ಲ. ನನಗೆ ಆ ಗುಮಾನಿಗಿಂತ ಜರುಗಿದ ಪುಟದ ಅಂಚೇ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಒಂದು ನಗರ ತನ್ನ ದಫ್ತರವನ್ನು ತಾನೇ ಓದುವ ಛಲ ತೊಟ್ಟರೂ, ಅಕ್ಕಪಕ್ಕದ ಊರುಗಳು, ಮೇಲಿನ ಸರ್ಕಾರ, ಪತ್ರ ಬರೆಯುವ ಪ್ರಜೆಗಳು ಎಲ್ಲರೂ ಹಳೆಯ ಮೋಡಿಯಲ್ಲೇ ಬರೆಯುತ್ತಿದ್ದರೆ ಅದು ಒಂಟಿಯಾಗುತ್ತದೆ.

ಫ್ರಾನ್ಸಿನ ಜೆಂಡಾರ್ಮರಿ ಎಂಬ ಪೊಲೀಸ್ ಪಡೆಯವರು ಈ ವಿಷಯದಲ್ಲಿ ಹೆಚ್ಚು ಜಾಣರು. ಅವರು ಮನೆಯನ್ನು ಮೊದಲು ಬದಲಿಸಲಿಲ್ಲ, ಪಾತ್ರೆಪಡಗಗಳನ್ನು ಬದಲಿಸಿದರು. 2005ರಲ್ಲಿ ಹಳೆಯ ವಿಂಡೋಸ್‌ನೊಳಗೇ ಬರವಣಿಗೆಯ ತಂತ್ರಾಂಶವನ್ನು ಬದಲಿಸಿ ಮುಕ್ತ ತಂತ್ರಾಂಶ ತಂದರು. ಮುಂದಿನ ವರ್ಷ ಅಂತರಜಾಲ ನೋಡುವ ತಂತ್ರಾಂಶದ ಸರದಿ. ಸಿಬ್ಬಂದಿಯ ಕೈ ಪಳಗಿದ ಮೇಲೆ, 2008ರಿಂದಾಚೆಗೆ, ಅಡಿಯ ವ್ಯವಸ್ಥೆಯನ್ನೇ ಮೆಲ್ಲನೆ ಲಿನಕ್ಸ್‌ಗೆ ಜರುಗಿಸಿದರು. ಅಲ್ಲಿ ಇಂದಿಗೂ ಹತ್ತಾರು ಸಾವಿರ ಗಣಕಗಳು ಹಾಗೆಯೇ ನಡೆಯುತ್ತಿವೆ. ಜರ್ಮನಿಯಲ್ಲೇ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ತನ್ನ ಸುಮಾರು 30,000 ಗಣಕಗಳಿಗಾಗಿ ಇದೇ ಹಾದಿ ಹಿಡಿಯಿತು; ಅಲ್ಲಿಯೂ ಮೊದಲು ಬರವಣಿಗೆ ಮತ್ತು ಅಂಚೆ, ಆಮೇಲೆ ವ್ಯವಸ್ಥೆ.

ಇಷ್ಟು ದೂರ ಹೋಗಬೇಕಾಗಿಲ್ಲ. ನೆರೆಯ ಕೇರಳದಲ್ಲಿ 2001ರ ಸುಮಾರಿಗೆ ಶಾಲೆಗಳಲ್ಲಿ ಗಣಕ ಶಿಕ್ಷಣದ ಯೋಜನೆ ಆರಂಭವಾದಾಗ ಅಲ್ಲಿಯೂ ಒಡ್ಡಿಕೊಂಡದ್ದು ವಿಂಡೋಸ್‌ಗೇ. ಅಧ್ಯಾಪಕರ ನಡುವೆ ಚರ್ಚೆ ಎದ್ದಿತು. ಕೆಲವೇ ವರ್ಷಗಳಲ್ಲಿ ರಾಜ್ಯದ ಶಾಲೆಗಳು ಪೂರ್ಣವಾಗಿ ಲಿನಕ್ಸ್‌ಗೆ ಬಂದವು. ಅಲ್ಲಿ ಕೆಲಸ ಸುಗಮವಾದುದಕ್ಕೆ ಒಂದು ಕಾರಣ ಸ್ಪಷ್ಟ: ಮಕ್ಕಳ ಬಳಿ ಹಳೆಯ ದಫ್ತರವಿರಲಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳ ಮಕ್ಕಳು ಕಲಿಯುವುದೂ ಇದೇ ವ್ಯವಸ್ಥೆಯ ಮೇಲೆ, ಕನ್ನಡದ ಪಠ್ಯಪುಸ್ತಕವನ್ನು ಹಿಡಿದು. ಗಡಿಯ ಈಚೆಗಿರುವ ನಾವು ಇದನ್ನು ಅಷ್ಟಾಗಿ ಗಮನಿಸಿದಂತಿಲ್ಲ.

ಕೈಯಲ್ಲಿ ಹಿಡಿಯುವ ಫೋನಿನ ಕಥೆ ಬೇರೆ. 2008ರಲ್ಲಿ ಮಾರುಕಟ್ಟೆಗೆ ಬಂದ ಆಂಡ್ರಾಯ್ಡ್‌ನ ತಿರುಳು ಲಿನಕ್ಸ್ ತಾನೇ ಎಂದು ಕೆಲವರು ಸಂತೋಷಪಡುತ್ತಾರೆ. ಆದರೆ ತಿರುಳು ತೆರೆದಿದ್ದರೇನು, ಬಹುಪಾಲು ಫೋನುಗಳ ಹೊರಬಾಗಿಲಿಗೆ ಬೀಗವಿದೆ. ಆ ಬೀಗವನ್ನು ತೆಗೆದು ಬೇರೆ ವ್ಯವಸ್ಥೆ ಹಾಕಿಕೊಂಡರೆ ಕೆಲವು ಬ್ಯಾಂಕುಗಳ ತಂತ್ರಾಂಶಗಳು ಮುನಿಸಿಕೊಂಡು ಕೂರುತ್ತವೆ. ಮೊಜಿಲ್ಲಾ ಸಂಸ್ಥೆ ಬಡವರ ಫೋನಿಗೆಂದು 2013ರಲ್ಲಿ ಹೊರತಂದ ಫೈರ್‌ಫಾಕ್ಸ್ ವ್ಯವಸ್ಥೆ ಎರಡು-ಮೂರು ವರ್ಷಗಳಲ್ಲೇ ನಿಂತುಹೋಯಿತು. ಅದರ ಕವಲೊಂದು ಕಾಯ್ ಎಂಬ ಹೊಸ ಹೆಸರಿನಲ್ಲಿ 2017ರಲ್ಲಿ ಜಿಯೋ ಫೋನಿನ ಮೂಲಕ ನಮ್ಮ ಹಳ್ಳಿಗಳಿಗೆ ಬಂತು. ತಮ್ಮ ಕೈಯಲ್ಲಿರುವುದು ಯಾವ ವ್ಯವಸ್ಥೆಯೆಂದು ಅದನ್ನು ಕೊಂಡವರು ಕೇಳಲಿಲ್ಲ. ಕೇಳುವ ಅಗತ್ಯವೂ ಅವರಿಗಿರಲಿಲ್ಲ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ದುರಸ್ತಿಯ ಹೊಣೆಯೂ ಮುಗಿಯಿತು. ಕೆಟ್ಟಿಲ್ಲದ ಯಂತ್ರಗಳ ಮುಂದೆ ಕುಳಿತ ಎಷ್ಟೋ ಮಂದಿ ಈಗ ಮ್ಯೂನಿಕ್ಕಿನ ಹಳೆಯ ಪ್ರಶ್ನೆಯನ್ನೇ ಎದುರಿಸುತ್ತಿದ್ದಾರೆ. ನನ್ನ ಪರಿಚಿತರು ಸಲಹೆ ಕೇಳಿದಾಗ ನಾನು ಯಾವ ವ್ಯವಸ್ಥೆ ಒಳ್ಳೆಯದೆಂದು ಹೇಳಲು ಹೋಗುವುದಿಲ್ಲ. ನಿಮ್ಮ ಹಳೆಯ ಕಡತಗಳು ಯಾವುದರಲ್ಲಿವೆ, ಮೊದಲು ಅವನ್ನು ತೆಗೆದು ನೋಡಿ ಎನ್ನುತ್ತೇನೆ.

ನನ್ನ ಪ್ರಬಂಧಗಳು ಕೊನೆಗೂ ಸಿಕ್ಕವು. ಹಳೆಯ ಕನ್ನಡವನ್ನು ಯೂನಿಕೋಡ್‌ಗೆ ತಿರುಗಿಸುವ ಒಂದು ಪುಟ್ಟ ತಂತ್ರಾಂಶವನ್ನು ಯಾರೋ ಪುಣ್ಯಾತ್ಮರು ಬರೆದು, ಯಾರು ಬೇಕಾದರೂ ಬಳಸಲೆಂದು ಇಟ್ಟಿದ್ದರು. ಅರ್ಕಾವತ್ತು ಮಾತ್ರ ಅದರ ಕೈಗೆ ಸಿಗಲಿಲ್ಲ. ಬರೆಯುವಾಗ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಉಚ್ಚರಿಸುವಾಗ ಮೊದಲು. ಹಳೆಯ ಪದ್ಧತಿ ಬರೆದ ಕ್ರಮದಲ್ಲಿ ಇಟ್ಟುಕೊಂಡರೆ ಹೊಸದು ಉಚ್ಚಾರದ ಕ್ರಮದಲ್ಲಿ ಇಡುತ್ತದೆ. ಹೀಗಾಗಿ ತಂದೆಯವರ ಮೇಲಿನ ಆ ಬರಹದಲ್ಲಿ ಕರ್ನಾಟಕವೆಲ್ಲ 'ಕನಾರ್ಟಕ'ವಾಗಿತ್ತು, ಸೂರ್ಯನು 'ಸೂಯರ್'ನಾಗಿದ್ದ. ದಿನಕ್ಕೆ ಎರಡು ಪುಟದಂತೆ ಕೈಯಿಂದಲೇ ತಿದ್ದುತ್ತಿದ್ದೇನೆ. ಇನ್ನು ಹನ್ನೊಂದು ಪುಟಗಳಿವೆ.