ವರ್ಗವಾಗಿ ಬಂದವರ ಕಾರವಾರ

ಮದುವೆಯಲ್ಲಿ ತವರಿನವರು ಕೊಟ್ಟ ತಿಜೋರಿಗೆ ಮೊದಲ ಮಳೆಗಾಲದಲ್ಲೇ ತುಕ್ಕು ಹಿಡಿಯಿತು. ಮೊದಲು ಕೀಲು, ಆಮೇಲೆ ಹಿಡಿಕೆ. ದೀಪಾವಳಿ ಹೊತ್ತಿಗೆ ಕೆಳಗಿನ ಅಂಚು ಪದರಪದರವಾಗಿ ಏಳತೊಡಗಿತ್ತು. ಹಾವೇರಿಯ ನಮ್ಮ ಮನೆಯಲ್ಲಿ ಅಜ್ಜಿ ಮದುವೆಯಾಗಿ ಬರುವಾಗ ತಂದ ಟ್ರಂಕು ಇನ್ನೂ ಗಟ್ಟಿಯಾಗಿದೆ. ಫೋನಿನಲ್ಲಿ ಹೇಳಿದರೆ ಅವ್ವ, "ಅಂಗಡ್ಯಾಂವ ಹಲ್ಕಾ ಮಾಲು ಕೊಟ್ಟಾನ" ಎಂದು ಬೈದಳು. ಕಾರವಾರದ ಕೋಡಿಬಾಗದ ನಮ್ಮ ಮನೆ ಒಡತಿ ಮಾತ್ರ ನಕ್ಕರು. "ಅಂಗಡಿಯವನದು ತಪ್ಪಿಲ್ಲ. ಇಲ್ಲಿ ಗಾಳಿಯಲ್ಲೇ ಉಪ್ಪುಂಟು" ಎಂದು ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ತಂದುಕೊಟ್ಟರು. ಈಗ ಪ್ರತಿ ಅಮಾವಾಸ್ಯೆಗೆ ತಿಜೋರಿಗೆ ಎಣ್ಣೆ ಹಚ್ಚುವುದು ನನ್ನ ಗಂಡನ ಪಾಲಿನ ವ್ರತ.

ನಮ್ಮ ಮದುವೆಯಾದದ್ದು 2024ರ ಫೆಬ್ರುವರಿಯಲ್ಲಿ. ಇಪ್ಪತ್ತು ದಿನಕ್ಕೆ ಇವರಿಗೆ ಕಾರವಾರಕ್ಕೆ ವರ್ಗವಾಯಿತು. ನಮ್ಮ ಕಡೆಯವರಿಗೆ ಕಾರವಾರವೆಂದರೆ ನಕಾಶೆಯ ಅಂಚು. ಅಲ್ಲಿಂದ ಮುಂದೆ ನೀರು, ಪಕ್ಕಕ್ಕೆ ಗೋವಾ. "ಎರಡು ವರ್ಷ ಹೆಂಗರ ಕಳೀರಿ" ಎಂದು ಸಮಾಧಾನ ಹೇಳಿ ಕಳಿಸಿದರು. ಬಂದ ಮೇಲೆ ತಿಳಿಯಿತು, ಈ ಊರೇ ಹಾಗೆ ವರ್ಗವಾಗಿ ಬಂದವರಿಗಾಗಿ ಕಟ್ಟಿದ್ದು.

ಹಳೆಯ ಕಾರವಾರ ಇದ್ದದ್ದು ಇಲ್ಲಲ್ಲ. ಕಾಳಿ ನದಿಯ ದಂಡೆ ಹಿಡಿದು ಒಳಕ್ಕೆ ಹೋದರೆ ಸಿಗುವ ಕಡವಾಡವೇ ಆಗಿನ ವ್ಯಾಪಾರದ ಊರು, ಕಾರವಾರ ಎಂಬ ಹೆಸರೂ ಅದರಿಂದಲೇ ಬಂದದ್ದೆನ್ನುತ್ತಾರೆ. 1638ರಲ್ಲಿ ಕೋರ್ಟೀನ್ ಕಂಪನಿಯ ಇಂಗ್ಲಿಷರು ಇಲ್ಲಿ ಕೋಠಿ ತೆರೆದರು. ಒಳನಾಡಿನ ತೆಳು ಬಟ್ಟೆ ಮತ್ತು ಮೆಣಸು ಇಲ್ಲಿಂದ ಹಡಗು ಹತ್ತಿದವು. ನದಿಯ ಆಚೆ ದಡದ ಗುಡ್ಡದ ಮೇಲೆ ಸೋಂದೆಯ ಅರಸರು 18ನೇ ಶತಮಾನದ ಆರಂಭದಲ್ಲಿ ಸದಾಶಿವಗಡ ಕಟ್ಟಿದರು. ಈಗಿನ ಪೇಟೆ, ಕಚೇರಿಗಳೆಲ್ಲ ಇರುವ ಜಾಗದಲ್ಲಿ ಆಗ ಇದ್ದದ್ದು ಮೀನುಗಾರರ ಕೇರಿ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದ ಮೇಲೆ ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆಯಿತು. ಕಲೆಕ್ಟರು, ಜಡ್ಜು, ಕಾರಕೂನರು ಬಂದರು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು. ಸಂಜೆ ನಾವು ದಂಡೆಗೆ ಹೋದಾಗ ಇವತ್ತಿಗೂ ಮೊದಲು ಹುಡುಕುವುದು ಅದನ್ನೇ.

ಆ ಕಾಲದ ಬ್ರಿಟಿಷರು ಕಾರವಾರದ ಮೇಲೆ ದೊಡ್ಡ ಕನಸು ಕಟ್ಟಿದ್ದರು. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿಗೆ ಹತ್ತಿ ಸಿಗದೆ ಹೋದಾಗ ಎಲ್ಲರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಆ ಹತ್ತಿಯನ್ನು ಘಟ್ಟ ಇಳಿಸಲು ಕಾರವಾರವೇ ಬಂದರಾಗಬೇಕು, ಹುಬ್ಬಳ್ಳಿಯಿಂದ ರೈಲು ಬರಬೇಕು ಎಂಬ ಯೋಜನೆ ವರ್ಷಗಟ್ಟಲೆ ಕಡತದಲ್ಲಿ ಓಡಾಡಿತು. ಕೊನೆಗೆ ಹಳಿ ಇಳಿದದ್ದು ಪೋರ್ಚುಗೀಸರ ಮುರ್ಮಗೋವಾಕ್ಕೆ. ಕಾರವಾರ ಕಚೇರಿಗಳ ಊರಾಗಿಯೇ ಉಳಿಯಿತು. ಹತ್ತಿ ಬೆಳೆಯುವ ಮನೆಯ ಮಗಳಾಗಿ ನನಗೆ ಈ ಕತೆ ಸ್ವಲ್ಪ ಹೆಚ್ಚೇ ತಾಗುತ್ತದೆ.

ಹಾಗೆ ಬಂದ ಜಡ್ಜರಲ್ಲೊಬ್ಬರು ಸತ್ಯೇಂದ್ರನಾಥ ಠಾಕೂರರು, ಐಸಿಎಸ್ ಪಾಸಾದ ಮೊದಲ ಭಾರತೀಯ. ಅವರ ಪತ್ನಿ ಜ್ಞಾನದಾನಂದಿನಿ ದೇವಿ ಅತ್ತೆಮನೆಯ ಅಂತಃಪುರ ಬಿಟ್ಟು ಗಂಡನ ಜೊತೆ ಮುಂಬೈ ಪ್ರಾಂತಕ್ಕೆ ಬಂದವರು. ಪಾರ್ಸಿ ಹೆಂಗಸರನ್ನು ನೋಡಿ ಕಲಿತ ಸೀರೆ ಉಡುವ ರೀತಿಯನ್ನು ಬಂಗಾಳಕ್ಕೆ ಒಯ್ದವರೂ ಅವರೇ. ಈ ಅಣ್ಣನ ಮನೆಗೆ 1880ರ ದಶಕದ ಆರಂಭದಲ್ಲಿ ತಮ್ಮ ರವೀಂದ್ರನಾಥರು ಬಂದಿದ್ದರು. ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋದದ್ದು, ಗುಡ್ಡದ ಕೋಟೆಯ ಬುಡದಲ್ಲಿ ಇಳಿದು ರೈತನೊಬ್ಬನ ಗುಡಿಸಿದ ಅಂಗಳದಲ್ಲಿ ಕೂತದ್ದು, ವಾಪಸು ಬರುವಾಗ ಅಳಿವೆಯಲ್ಲಿ ದೋಣಿ ಬಿಟ್ಟು ಮರಳಿನ ಮೇಲೆ ನಡೆದು ಮನೆ ಸೇರಿದ್ದು ಎಲ್ಲವನ್ನೂ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ' ನಾಟಕ ಹುಟ್ಟಿದ್ದೂ ಇಲ್ಲೇ. ಕಾರವಾರದಿಂದ ಮರಳಿದ ಸ್ವಲ್ಪ ದಿನಕ್ಕೇ, 1883ರ ಡಿಸೆಂಬರಿನಲ್ಲಿ ಅವರ ಮದುವೆಯಾಯಿತು. ಅವರು ಕಾರವಾರ ನೋಡಿ ಮದುವೆಯಾದರು, ನಾವು ಮದುವೆಯಾಗಿ ಕಾರವಾರ ನೋಡಿದೆವು ಎಂದು ನನ್ನ ಗಂಡ ಬಂದ ನೆಂಟರಿಗೆಲ್ಲ ಹೇಳುತ್ತಿರುತ್ತಾರೆ. ಊರಿನ ಕಡಲತೀರಕ್ಕೆ ಈಗ ರವೀಂದ್ರನಾಥರ ಹೆಸರಿದೆ.

ಕಚೇರಿ ಬಿಟ್ಟ ಮೇಲೆ ನಾವು ಹೋಗಿ ಕೂರುವುದು ಅಲ್ಲೇ. ಒಂದು ಕಡೆ ನಿವೃತ್ತ ಯುದ್ಧನೌಕೆ ಚಪಲ್ ಮ್ಯೂಸಿಯಮ್ಮಾಗಿ ನಿಂತಿದೆ, ಬೆನ್ನ ಹಿಂದೆ ಹೆದ್ದಾರಿಯ ಮೇಲ್ಸೇತುವೆ, ಎದುರಿಗೆ ಕೂರ್ಮಗಡ ದ್ವೀಪ. ಹಾವೇರಿಯಲ್ಲಿ ಹೊಸ ಗಂಡ ಹೆಂಡತಿ ಒಟ್ಟಿಗೆ ಕಟ್ಟೆಯ ಮೇಲೆ ಕೂತರೆ ಸುದ್ದಿ ನಮಗಿಂತ ಮೊದಲೇ ಮನೆ ಸೇರುತ್ತದೆ. ಇಲ್ಲಿ ನಮ್ಮನ್ನು ಬಲ್ಲವರಿಲ್ಲ. ಹುಡುಗಿ ನೋಡಲು ಬಂದಾಗ ಹತ್ತು ನಿಮಿಷ, ನಿಶ್ಚಯದ ಮೇಲೆ ಫೋನಿನಲ್ಲಿ ಒಂದಿಷ್ಟು, ಅದು ಬಿಟ್ಟರೆ ನಾವು ಒಬ್ಬರನ್ನೊಬ್ಬರು ಅರಿತದ್ದು ಈ ಮರಳಿನ ಮೇಲೆ ಕೂತು. ಜಗಳವಾಡಿದ್ದೂ ಇಲ್ಲೇ, ಅಲೆಯ ಸದ್ದಿಗೆ ಎಷ್ಟು ಜೋರಾಗಿ ಆಡಿದರೂ ಪಕ್ಕದವರಿಗೆ ಕೇಳಿಸುವುದಿಲ್ಲ.

ನಮ್ಮದು ಮೀನು ಮುಟ್ಟದ ಮನೆತನ. ಆದರೂ ನಮ್ಮ ದಿನಚರಿ ನಡೆಯುವುದು ಮೀನಿನ ಲೆಕ್ಕದಲ್ಲೇ. ಬೈತಖೋಲದ ಬಂದರಿಗೆ ದೋಣಿ ಬಂದಿತೋ ಇಲ್ಲವೋ ಎಂಬುದರ ಮೇಲೆ ಮನೆ ಒಡತಿಯ ಮುಖ, ಬೀದಿಯ ಬೆಕ್ಕುಗಳ ಓಡಾಟ, ರಿಕ್ಷಾದವನ ಮಾತು ಎಲ್ಲ ನಿಂತಿದೆ. ಮಾರ್ಕೆಟ್ಟಿನಲ್ಲಿ ತರಕಾರಿಗೆಂದು ಹೋದವಳು ಮೀನಿನ ಹೆಂಗಸರನ್ನು ನೋಡುತ್ತ ನಿಂತುಬಿಡುತ್ತೇನೆ. ಎದುರಿಗೆ ಬಾಂಗ್ಡೆ, ತಾರ್ಲೆ ಪಾಲುಪಾಲಾಗಿ ಗುಡ್ಡೆ ಹಾಕಿರುತ್ತಾರೆ. ಗಿರಾಕಿ "ಕಿತ್ಲೆ?" ಎಂದು ದರ ಕೇಳಿ, ಕಿವಿರು ಎತ್ತಿ ನೋಡಿ, ಮುಖ ಸಿಂಡರಿಸಿ ಎರಡು ಹೆಜ್ಜೆ ಮುಂದೆ ಹೋಗಬೇಕು. ಆಗ ಮಾರುವಾಕೆ ಪಕ್ಕದ ಗುಡ್ಡೆಯಿಂದ ಒಂದು ಮೀನೆತ್ತಿ ಇದಕ್ಕೆ ಹಾಕುತ್ತಾಳೆ. ದರ ಇಳಿಯುವುದಿಲ್ಲ, ಮೀನು ಏರುತ್ತದೆ. ಗಿರಾಕಿ ತಿರುಗಿ ಬರುತ್ತಾಳೆ. ವ್ಯಾಪಾರದಲ್ಲಿ ಇಬ್ಬರೂ ಸೋಲದ ಈ ಉಪಾಯವನ್ನು ನಾನು ಮನೆಯಲ್ಲೂ ಬಳಸಿ ನೋಡಿದ್ದೇನೆ.

ನನ್ನ ವ್ಯಾಪಾರ ಹಾಲಕ್ಕಿ ಹೆಂಗಸರ ಹತ್ತಿರ. ಕತ್ತಿನ ತುಂಬ ಮಣಿಸರ ಹಾಕಿಕೊಂಡು ಬುಟ್ಟಿಯಲ್ಲಿ ಬಸಳೆ, ಬದನೆ ಇಟ್ಟುಕೊಂಡು ಕೂರುತ್ತಾರೆ. ಬೇಸಿಗೆಯಲ್ಲಿ ಜಡೆಯಂತೆ ಹೆಣೆದ ಕುಮಟಾ ಈರುಳ್ಳಿ ಬರುತ್ತದೆ. ಎರಡು ಗೊಂಚಲು ತಂದು ಅಡುಗೆಮನೆಯ ಮೊಳೆಗೆ ತೂಗುಹಾಕಿದರೆ ಮಳೆಗಾಲಕ್ಕಾಯಿತು. ರವಿವಾರದ ಸಂತೆಗೆ ಘಟ್ಟದ ಮೇಲಿನ ವ್ಯಾಪಾರಿಗಳು ಇಳಿಯುತ್ತಾರೆ. ಕೊಂಕಣಿಯ ನಡುವೆ ಒಮ್ಮೆಲೇ "ಏನ್ ಬೇಕ್ರೀ ಅಕ್ಕಾರ" ಎಂಬ ದನಿ ಕೇಳಿದರೆ, ಬೇಡವಾದರೂ ಒಂದು ಪಾವು ಮೆಣಸಿನಕಾಯಿ ಕೊಂಡುಬಿಡುತ್ತೇನೆ.

ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಆ ಎರಡು ತಿಂಗಳು ಊರು ಒಣಮೀನು, ಹೊಳೆಮೀನು, ತಿಸ್ರೆ ಚಿಪ್ಪಿನ ಮೇಲೆ ಬದುಕುತ್ತದೆ. ನಮ್ಮ ಮನೆಯಲ್ಲಿ ಹಪ್ಪಳ ಮೆತ್ತಗಾಗುತ್ತದೆ, ಬಟ್ಟೆ ನಾಲ್ಕು ದಿನಕ್ಕೂ ಒಣಗುವುದಿಲ್ಲ. ಮದುವೆಯ ಆಲ್ಬಮ್ಮಿನಲ್ಲಿ ಮಾವನವರ ಮೀಸೆಯ ಮೇಲೆ ಬೂಷ್ಟು ಬಂದು ಅದೂ ನೆರೆತಂತೆ ಕಾಣುತ್ತಿತ್ತು.

ನಮ್ಮ ಆ ಮೊದಲ ಮಳೆಗಾಲವನ್ನು ಈ ಜಿಲ್ಲೆ ಮರೆಯುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಹನ್ನೊಂದು ಜನ ಹೋದರು. ಮೂರು ವಾರ ಕಳೆದಿತ್ತು. ಆಗಸ್ಟ್ 7ರ ನಡುರಾತ್ರಿ, ಒಂದು ಗಂಟೆ ಸುಮಾರಿಗೆ, ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಕಾಳಿ ಹಳೆ ಸೇತುವೆ ನದಿಗೆ ಬಿತ್ತು. ಅದರೊಂದಿಗೆ ಒಂದು ಲಾರಿಯೂ ಬಿತ್ತು. ಕ್ಯಾಬಿನ್ನಿನ ಮೇಲೆ ಹತ್ತಿ ನಿಂತ ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಉಳಿಸಿದರು. ಬೆಳಗಾಗುವಷ್ಟರಲ್ಲಿ ಕೇರಿಯೆಲ್ಲ ದಂಡೆಯಲ್ಲಿತ್ತು. ಹಿಂದಿನ ಸಂಜೆ ಸ್ಕೂಟರಿನಲ್ಲಿ ದಾಟಿದ್ದ ರಸ್ತೆ ನೀರಿನಲ್ಲಿ ಮೊಣಕಾಲೂರಿದಂತೆ ಮುರಿದು ಬಿದ್ದಿತ್ತು. ಪಕ್ಕದ ಹೊಸ ಸೇತುವೆ ನಿಂತಿತ್ತು. ಅವ್ವ ಫೋನು ಮಾಡಿ, "ಬಂದುಬಿಡ್ರಿ" ಎಂದಳು. ಒಡತಿ ಆವತ್ತು ನಮಗೂ ಸೇರಿಸಿ ಗಂಜಿ ಮಾಡಿದ್ದರು. ಪರಊರಿನಲ್ಲಿ ಇದ್ದೇವೆ ಎಂಬುದು ಆ ಗಂಜಿ ಉಣ್ಣುವಾಗ ಮರೆತುಹೋಯಿತು.

ನಮ್ಮಂಥವರು ಬಂದು ಹೋಗುತ್ತೇವೆ. ಊರಿನವರೇ ಎದ್ದು ಹೋಗಬೇಕಾದ ಕತೆಯೂ ಇಲ್ಲಿದೆ. 1986ರಲ್ಲಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳಲ್ಲಿ 11 ಸಾವಿರ ಎಕರೆಗೂ ಹೆಚ್ಚು ನೆಲ ಹೋಯಿತು. ಸುಮಾರು ನಾಲ್ಕು ಸಾವಿರ ಕುಟುಂಬಗಳು ಗದ್ದೆ, ತೆಂಗು, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. 2005ರಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿದ ಮೇಲೂ ಪರಿಹಾರದ ವ್ಯಾಜ್ಯಗಳು ಕೋರ್ಟಿನಲ್ಲೇ ಇದ್ದವು. ಅದಕ್ಕೇ 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಗೆ ಅಲೆತಡೆ ಗೋಡೆ ಕಟ್ಟಲು ಬಂದಾಗ, ಉಳಿದಿರುವ ಈ ಒಂದು ದಂಡೆಯೂ ಹೋದೀತೆಂದು ಮೀನುಗಾರರು ಬೀದಿಗಿಳಿದರು. ಕೆಲಸಕ್ಕೆ ಹೈಕೋರ್ಟಿನ ತಡೆ ಬಂತು. ನಾವು ಸಂಜೆ ಕೂತು ಎದ್ದು ಬರುವ ಮರಳು ಅವರಿಗೆ ಬಲೆ ಎಳೆಯುವ, ಮೀನು ಒಣಗಿಸುವ ಅಂಗಳ. ರಂಪಣಿ ಬಲೆಯ ಹಗ್ಗಕ್ಕೆ ಒಮ್ಮೆ ಕೈಹಾಕಿದ ನನ್ನ ಗಂಡನ ಅಂಗೈ ಎರಡು ದಿನ ಉರಿಯಿತು.

ಪುಷ್ಯ ಹುಣ್ಣಿಮೆಗೆ ಕೂರ್ಮಗಡದ ನರಸಿಂಹನ ಜಾತ್ರೆ. ಸಿಂಗರಿಸಿದ ದೋಣಿಗಳಲ್ಲಿ ಜನ ಬಾಳೆಗೊನೆ ಹೊತ್ತು ದ್ವೀಪಕ್ಕೆ ಹೋಗುತ್ತಾರೆ. 2019ರಲ್ಲಿ ಜಾತ್ರೆಯ ದೋಣಿಯೊಂದು ಮಗುಚಿ ಹದಿನಾರು ಜನ ಸತ್ತರು, ಅವರಲ್ಲಿ ನಮ್ಮ ಬಯಲುಸೀಮೆಯವರೂ ಇದ್ದರು. ಆ ನೆನಪಿಗೆ ನಾನು ಹೆದರಿದ್ದೆ. ಒಡತಿಯೇ ನನ್ನ ಲೈಫ್ ಜಾಕೆಟ್ಟಿನ ಬಕ್ಕಲು ಬಿಗಿದು, ಕೈ ಹಿಡಿದು ದೋಣಿ ಹತ್ತಿಸಿದರು. ದ್ವೀಪದಿಂದ ತಿರುಗಿ ನೋಡಿದರೆ ಕಾರವಾರ ಒಂದು ಗೆರೆ: ಹಿಂದೆ ಸಹ್ಯಾದ್ರಿ, ಮುಂದೆ ತೆಂಗು, ನಡುವೆಲ್ಲೋ ತುಕ್ಕು ಹಿಡಿದ ತಿಜೋರಿಯ ನಮ್ಮ ಮನೆ.

ಕೊಂಕಣ ರೈಲು 1998ರಲ್ಲಿ ಪೂರ್ತಿಯಾಯಿತು, ಶಿರವಾಡದಲ್ಲಿ ನಿಲ್ದಾಣವಿದೆ. ಮುಂಬೈಗೂ ಮಂಗಳೂರಿಗೂ ನೇರ ಹೋಗಬಹುದು. ಹುಬ್ಬಳ್ಳಿಗೆ ರೈಲಿನಲ್ಲೇ ಹೋಗಬೇಕೆಂದರೆ ಮಾತ್ರ ಮಡಗಾಂವ್‌ಗೆ ಹೋಗಿ ಗಾಡಿ ಬದಲಿಸಿ, ಅಂದು ಮುರ್ಮಗೋವಾ ಗೆದ್ದುಕೊಂಡ ಅದೇ ಹಳಿ ಹಿಡಿಯಬೇಕು. 1990ರ ದಶಕದ ಕೊನೆಗೆ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಕಾಡಿನ ತಕರಾರಿನಲ್ಲಿ ನಿಂತಿದೆ. ಘಟ್ಟದ ಆ ಕಾಡು ಉಳಿಯಬೇಕೆಂಬ ವಾದದಲ್ಲಿ ಹುರುಳಿದೆ, ಶಿರೂರು ಕಂಡ ಮೇಲಂತೂ ಇಲ್ಲವೆನ್ನಲು ನನಗೆ ಬಾಯಿಲ್ಲ. ಹಾಗಾಗಿ ಅವ್ವ ಕಳಿಸುವ ಜೋಳದ ಹಿಟ್ಟಿನ ಚೀಲ ಈಗಲೂ ಯಲ್ಲಾಪುರದ ಮೇಲೆ ಅರಬೈಲು ಘಟ್ಟ ಇಳಿದು ಬರುವ ಬಸ್ಸಿನಲ್ಲೇ ಬರುತ್ತದೆ. ಸಂಜೆ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತೇವೆ. ಅದರಲ್ಲಿ ಒಂದು ಪಾಲು ಒಡತಿಗೆ. ಅವರು ರೊಟ್ಟಿ ಬಡಿಯಲು ಕಲಿತಿದ್ದಾರೆ.