ಮಳೆಗಾಲದ ತುಡುವೆಗೆ ಪಾಕದ ಪಾತ್ರೆ: ಉಚ್ಚಿಲದ ಹವೆಯನ್ನು ಮುಂದಿಟ್ಟು ಒಂದು ಮರುವಿಚಾರ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಉಚ್ಚಿಲ, ಕಾಪು ಆಸುಪಾಸಿನ ತುಡುವೆ ಜೇನಿನ ಕುಟುಂಬಗಳಿಗೆ ಅಭಾವ ಕಾಲ. ಹೊರಗೆ ಹಾರಲು ಮಳೆ ಬಿಡುವುದಿಲ್ಲ, ಎರಿಯಲ್ಲಿ ದಾಸ್ತಾನು ಕರಗುತ್ತದೆ, ಕೊನೆಗೆ ಕುಟುಂಬವೇ ಪರಾರಿಯಾಗುತ್ತದೆ. ಆಗ ಸಕ್ಕರೆ ಮತ್ತು ನೀರನ್ನು ಸಮತೂಕದಲ್ಲಿ ಕೂಡಿಸಿದ ಪಾಕವನ್ನು ಮುಸ್ಸಂಜೆ ಕೊಡಬೇಕು, ಜೇನುಕೋಣೆ ತುಂಬುವ ಕಾಲದಲ್ಲಿ ಕೊಡಬಾರದು ಎಂಬುದರಲ್ಲಿ ಭಿನ್ನಮತವಿಲ್ಲ. ಭಿನ್ನಮತವಿರುವುದು ಪಾತ್ರೆಯ ಬಗ್ಗೆ.

ಕೈಪಿಡಿಗಳು ಸಾಮಾನ್ಯವಾಗಿ ಮುಂದಿಡುವ ಎರಡು ಸಾಧನಗಳೂ ಅಮೆರಿಕದವು: ಬಾಗಿಲಿಗೆ ಸಿಕ್ಕಿಸುವ ಬೋರ್ಡ್‌ಮನ್ ಬಾಟಲಿ ಮತ್ತು ಡೂಲಿಟಲ್ ಹೆಸರಿನೊಂದಿಗೆ ಬಂದ, ಚೌಕಟ್ಟಿನ ಜಾಗದಲ್ಲಿ ಕೂರುವ ತೊಟ್ಟಿ. ಎರಡೂ ಯುರೋಪಿನ ಮೆಲ್ಲಿಫೆರಾ ಜೇನಿಗೆ ರೂಪುಗೊಂಡವು. ಆ ಜೇನಿನ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯಲ್ಲಿ 10 ಚೌಕಟ್ಟು. ನಮ್ಮ ನ್ಯೂಟನ್ ಪೆಟ್ಟಿಗೆಯ ಸಂಸಾರಕೋಣೆಯಲ್ಲಿ 7. ಅಲ್ಲಿ ತೊಟ್ಟಿ ಹತ್ತರಲ್ಲೊಂದು ಪಾಲನ್ನು ಕಬಳಿಸಿದರೆ ಇಲ್ಲಿ ಏಳರಲ್ಲೊಂದು. ಅದಕ್ಕಿಂತ ಮುಖ್ಯವಾದುದು ಹವೆ. ದೊಡ್ಡ ತೊಟ್ಟಿಯ ಪಾಕವನ್ನು ಸಣ್ಣ ಕುಟುಂಬ ದಿನಗಟ್ಟಲೆ ಮುಗಿಸಲಾರದು. ಕಡಲ ತೇವದಲ್ಲಿ ತೆಳು ಪಾಕ ಬೇಗ ಹುಳಿಯುತ್ತದೆ. ಬಾಗಿಲ ಬಾಟಲಿಯ ವಾಸನೆ ನೆರೆಪೆಟ್ಟಿಗೆಯ ಕಳ್ಳಜೇನನ್ನೂ ಇರುವೆಯನ್ನೂ ಕರೆಯುತ್ತದೆ.

ಹೀಗಾಗಿ, ಬಡವರ ಬದಲಿ ವಸ್ತುವೆಂದು ಬದಿಗಿರಿಸಲಾದ ತೆಂಗಿನ ಗೆರಟೆಯೇ ಇಲ್ಲಿಗೆ ಹೆಚ್ಚು ಹೊಂದುವ ಸಾಧನ ಎಂದು ನನ್ನ ವಾದ. ಹುಳ ಮುಳುಗದಂತೆ ಕಡ್ಡಿ ಹಾಕಿ, ಪೆಟ್ಟಿಗೆಯ ಒಳಗೆ ಎರಿಗಳ ಮೇಲೆ ಇಟ್ಟರೆ ಜೇನುಹುಳ ಮಳೆಗೆ ಹೊರಬರಬೇಕಿಲ್ಲ. ಹಿಡಿಯುವುದು ಅಲ್ಪವಾದ್ದರಿಂದ ಬೆಳಗಾಗುವುದರೊಳಗೆ ಖಾಲಿಯಾಗುವ ಸಂಭವ ಹೆಚ್ಚು. ಆದರೆ ಈ ಮಾತಿಗೆ ಮಿತಿಗಳಿವೆ. ನನ್ನ ವಾದ ತುಡುವೆಗೆ, ಅದರಲ್ಲೂ ಮಳೆಗಾಲದ ದುರ್ಬಲ ಕುಟುಂಬಕ್ಕೆ ಮಾತ್ರ. ಗೆರಟೆಯನ್ನು ದಿನವೂ ತೊಳೆಯದಿದ್ದರೆ ಅದರ ಗುಣವೆಲ್ಲ ನಷ್ಟ. ಒಳಗೆ ಬೋರಲಿಡುವ ತೂತಿನ ಡಬ್ಬಿಯೂ ಪ್ರಬಲ ಪ್ರತಿಸ್ಪರ್ಧಿ: ಬಿಸಿಲಿಗೆ ಅದರೊಳಗಿನ ಗಾಳಿ ಹಿಗ್ಗಿ ಪಾಕ ತೊಟ್ಟಿಕ್ಕುವ ದೋಷ, ಹಗಲಿರುಳ ತಾಪದ ವ್ಯತ್ಯಾಸ ಕಡಿಮೆಯಿರುವ ಆಷಾಢದಲ್ಲಿ ಅಷ್ಟಾಗಿ ಕಾಡಲಾರದು. ಪೆಟ್ಟಿಗೆ ದಿನವೂ ತೆರೆಯಲಾಗದವರಿಗೆ ಅದೇ ಮೇಲಾದೀತು.

ಪಾತ್ರೆ ಯಾವುದಾದರೂ, ಬೇರೆ ಪೆಟ್ಟಿಗೆಯ ಜೇನುತುಪ್ಪವನ್ನು ಅದರಲ್ಲಿ ಸುರಿಯಬಾರದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಪಾಲನ್ನು ಅಳಿಸಿತು. ಅಂಥ ರೋಗವನ್ನು ಪಾತ್ರೆಯ ಮೂಲಕ ಬರಮಾಡಿಕೊಳ್ಳುವುದು ಬೇಡ.

ಕಾರ್ಕಳದ ರಬ್ಬರ್ ತೋಟಗಳ ಬದಿಗೂ ಉಚ್ಚಿಲದ ಕಡಲಂಚಿಗೂ ಪಾಕದ ಒಂದೇ ಅಳತೆ ಹೊಂದುತ್ತದೆಯೇ ಎಂಬ ಪ್ರಶ್ನೆ ತೆರೆದೇ ಇದೆ. ಇದಕ್ಕೆ ಉತ್ತರ ಸಿಗಲು, ಸಂಜೆ ಕೊಟ್ಟ ಪಾಕವನ್ನೂ ಮರುಬೆಳಗ್ಗೆ ಗೆರಟೆಯಲ್ಲಿ ಉಳಿದುದನ್ನೂ ತೂಗಿ ಬರೆದಿಡುವಂತೆ ಕರಾವಳಿಯ ಜೇನು ಕೃಷಿಕರಲ್ಲಿ ವಿನಂತಿ.