ಪದಕ್ಕೆ 1 ಸೆಂಟ್: ಹಳೇ ಪತ್ತೇದಾರಿ ಕಾದಂಬರಿಗಳ ಲೆಕ್ಕಪತ್ರ

ಕಳೆದ ಒಂದು ವರ್ಷ ನಾನು ಹೆಚ್ಚಾಗಿ ಓದಿದ್ದು ಹಳೇ ಪುಸ್ತಕಗಳನ್ನೇ. 1930ರಿಂದ 1960ರ ದಶಕದವರೆಗಿನ ಅಮೆರಿಕದ ಪತ್ತೇದಾರಿ, ಥ್ರಿಲ್ಲರ್, ಸೈನ್ಸ್ ಫಿಕ್ಷನ್ ಕಾದಂಬರಿಗಳು. ಓದ್ತಾ ಓದ್ತಾ, ಕೊಲೆಗಾರ ಯಾರು ಅನ್ನೋದಕ್ಕಿಂತ ಬೇರೆ ಪ್ರಶ್ನೆ ಕಾಡೋಕೆ ಶುರುವಾಯ್ತು. ಇದನ್ನ ಬರೆದವರಿಗೆ ಸಿಕ್ಕಿದ್ದೆಷ್ಟು? ಬಿ.ಕಾಂ. ಓದಿದವನ ಬುದ್ಧಿ, ಏನ್ಮಾಡೋದು!

ರೇಮಂಡ್ ಚಾಂಡ್ಲರ್ ಅವರನ್ನೇ ತಗೊಳ್ಳಿ. ಅವರೂ ಲೆಕ್ಕ ಬರೀತಿದ್ದವರೇ. ಲಾಸ್ ಏಂಜಲಿಸ್‌ನ ತೈಲ ಕಂಪನಿಯೊಂದಕ್ಕೆ ಬುಕ್‌ಕೀಪರ್ ಆಗಿ ಸೇರಿ, ಉಪಾಧ್ಯಕ್ಷರ ಹುದ್ದೆವರೆಗೂ ಏರಿದ್ದರು. 1932ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ, ಕುಡಿತ ಮತ್ತು ಗೈರುಹಾಜರಿಯಿಂದಾಗಿ ಆ ಕೆಲಸ ಹೋಯ್ತು. ಆಗ ವಯಸ್ಸು 44. ಹೊಟ್ಟೆಪಾಡಿಗೆ ಕಥೆ ಬರೆಯೋಕೆ ಕೂತರು. ಮೊದಲ ಕಥೆಗೆ ಐದು ತಿಂಗಳು ಹಿಡೀತು. 1933ರಲ್ಲಿ 'ಬ್ಲ್ಯಾಕ್ ಮಾಸ್ಕ್' ಪತ್ರಿಕೆಯಲ್ಲಿ ಅದು ಅಚ್ಚಾಯ್ತು. ಸಂಭಾವನೆ ಪದಕ್ಕೆ 1 ಸೆಂಟ್, ಒಟ್ಟು 180 ಡಾಲರ್. ಅಂದ್ರೆ ತಿಂಗಳಿಗೆ ಬರೀ 36 ಡಾಲರ್.

ಇಂಥ ಪತ್ರಿಕೆಗಳನ್ನ 'ಪಲ್ಪ್' ಅಂತಿದ್ದರು. ಮರದ ತಿರುಳಿನ ಅಗ್ಗದ ಕಾಗದ, ಅದಕ್ಕೇ ಆ ಹೆಸರು. 1939ರಲ್ಲಿ ಚಾಂಡ್ಲರ್ ತಮ್ಮದೇ ಹಳೇ ಪಲ್ಪ್ ಕಥೆಗಳನ್ನ ಜೋಡಿಸಿ 'ದಿ ಬಿಗ್ ಸ್ಲೀಪ್' ಕಾದಂಬರಿ ಮಾಡಿದರು. ಅದರಲ್ಲಿ ಒಬ್ಬ ಡ್ರೈವರ್ ಸಾಯ್ತಾನೆ. ಕೊಂದವರು ಯಾರು ಅಂತ ಕೊನೇ ಪುಟದವರೆಗೂ ಸ್ಪಷ್ಟವಾಗಲ್ಲ. ಹೊಲಿಗೆ ಎಲ್ಲಿ ಬಿಟ್ಟಿದೆ ಅಂತ ಹುಡುಕಿದ್ರೆ ಕಾಣುತ್ತೆ.

ಸೈನ್ಸ್ ಫಿಕ್ಷನ್ ಬರೆದ ಫಿಲಿಪ್ ಕೆ. ಡಿಕ್ ಕಥೆ ಇನ್ನೂ ಕಷ್ಟದ್ದು. 1955ರಲ್ಲಿ ಅವರ ಮೊದಲ ಕಾದಂಬರಿ ಬಂದಿದ್ದು 35 ಸೆಂಟ್‌ನ ಪೇಪರ್‌ಬ್ಯಾಕ್‌ನಲ್ಲಿ, ಅದೂ ಇನ್ನೊಬ್ಬರ ಕಾದಂಬರಿಯ ಬೆನ್ನಿಗೆ ಬೆನ್ನು ಅಂಟಿಸಿ. ಬರೆದಷ್ಟೇ ಅನ್ನ. ನಿದ್ದೆ ಬಾರದ ಹಾಗೆ ಮಾತ್ರೆ ನುಂಗಿ ಬರೀತಿದ್ದರು. 1964 ಒಂದೇ ವರ್ಷದಲ್ಲಿ ಅವರ ನಾಲ್ಕು ಕಾದಂಬರಿ ಬಂದವು. 1982ರ ಮಾರ್ಚ್‌ನಲ್ಲಿ, 53ನೇ ವಯಸ್ಸಿಗೇ ತೀರಿಕೊಂಡರು. ಅವರ ಕಾದಂಬರಿ ಆಧರಿಸಿದ 'ಬ್ಲೇಡ್ ರನ್ನರ್' ಸಿನಿಮಾ ತೆರೆಕಂಡಿದ್ದು ಜೂನ್‌ನಲ್ಲಿ.

'ದಿ ಕಿಲ್ಲರ್ ಇನ್‌ಸೈಡ್ ಮಿ' ಬರೆದ ಜಿಮ್ ಥಾಂಪ್ಸನ್ 1977ರಲ್ಲಿ ಸತ್ತಾಗ, ಸ್ವಂತ ದೇಶದಲ್ಲೇ ಅವರ ಒಂದು ಪುಸ್ತಕವೂ ಮುದ್ರಣದಲ್ಲಿ ಇರಲಿಲ್ಲ. ಇವತ್ತು ಅದೇ ಪುಸ್ತಕಗಳು ಕ್ಲಾಸಿಕ್ ಅನ್ನೋ ಹಣೆಪಟ್ಟಿಯಲ್ಲಿ ಮಾರಾಟ ಆಗ್ತಿವೆ.

'ಅಗ್ಗದ ಸಾಹಿತ್ಯ' ಅಂತ ಇವುಗಳನ್ನ ನೋಡಿ ಮೂಗು ಮುರಿಯೋರಿದ್ದಾರೆ. ಓದುಗರಿಗೆ ಅಗ್ಗ ಆಗಿತ್ತು, ನಿಜ. ಮಿಕ್ಕಿದ್ದನ್ನ ಲೇಖಕರೇ ತಮ್ಮ ಆರೋಗ್ಯದಿಂದ, ಆಯುಷ್ಯದಿಂದ ತುಂಬಿಕೊಟ್ಟರು.

ಪ್ರತಿ ಎಪಿಸೋಡ್ ಆದ್ಮೇಲೂ ನಿಮ್ಮಲ್ಲಿ ಕೆಲವರು "ಬ್ರೋ, ಪಿಡಿಎಫ್ ಇದ್ರೆ ಕಳಿಸಿ" ಅಂತ ಕೇಳ್ತೀರಿ. ನಾನು ಯಾಕೆ ಕಳಿಸಲ್ಲ ಅನ್ನೋದಕ್ಕೆ ಉತ್ತರ ಇದು. ಈ ಪುಸ್ತಕಗಳನ್ನ ಲೈಬ್ರರಿಯಲ್ಲಿ, ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಹುಡುಕಿ. ಇವತ್ತು ಬರೀತಿರೋ ಕನ್ನಡದವರ ಪುಸ್ತಕ ಆದ್ರೆ ದುಡ್ಡು ಕೊಟ್ಟೇ ತಗೊಳ್ಳಿ. ಅವರೂ ಬಾಡಿಗೆ ಕಟ್ಟಬೇಕಲ್ವಾ?

ಮುಂದಿನ ವಾರ ಸಿಗೋಣ.